ರೇಷ್ಮೆ ಹುಳುವಿನ ಆಟಕ್ಕೆ ಅಂಗಡಿಯ ಚಿತ್ರ ಮತ್ತು ವಿವರಣೆ ಹೇಗಿರಬೇಕು?

ಪ್ರಶ್ನೆ: ಶಿಡ್ಲಘಟ್ಟದಿಂದ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಸೋದರತ್ತೆಯ ಮಗಳು ಸೇರಿ ಎರಡೂವರೆ ವರ್ಷದಿಂದ ‘ಚಂದ್ರಿಕೆ’ ಎಂಬ ಸಣ್ಣ ಗೇಮ್ ಒಂದನ್ನು ಮಾಡುತ್ತಿದ್ದೇವೆ. ಕೋಡ್ ಬರೆಯುವವನು ನಾನು, ಚಿತ್ರ ಬರೆಯುವವಳು ಅವಳು. ಆಟಗಾರರು ಇದರಲ್ಲಿ ಒಂದು ಹುಳು ಮನೆಯನ್ನು ನಡೆಸಬೇಕು. ಚಾಕಿ ಹುಳು (ಎಳೆಯ ಹುಳು) ತಂದು, ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ, ನಾಲ್ಕು ಜ್ವರಗಳನ್ನು ದಾಟಿಸಿ, ಹುಳುಗಳನ್ನು ಕೊಲ್ಲುವ ಊಜಿ ನೊಣ ಒಳಗೆ ಬಾರದಂತೆ ಪರದೆ ಕಟ್ಟಿ, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಟ್ಟು, ಕೊನೆಗೆ ಗೂಡನ್ನು ಮಾರುಕಟ್ಟೆಗೆ ಒಯ್ದು ಹರಾಜಿನಲ್ಲಿ ಮಾರಬೇಕು. ರೇಷ್ಮೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು: ಹುಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಕೂರುವ ಸ್ಥಿತಿಯನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಬಿದಿರಿನ ತಟ್ಟಿಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿ ಕಟ್ಟಿದ, ಹುಳುಗಳು ಗೂಡು ಕಟ್ಟುವ ಸಾಧನವೇ ಚಂದ್ರಿಕೆ.

ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಮ್ಮ ಪುಟ ‘ಶೀಘ್ರದಲ್ಲೇ ಬರಲಿದೆ’ ಎಂಬ ಸ್ಥಿತಿಯಲ್ಲಿ ನಾಲ್ಕು ತಿಂಗಳಿಂದ ಇದೆ. ಅಲ್ಲಿ ಪ್ರತಿ ಗೇಮ್‌ಗೆ ಕಟ್ಟಬೇಕಾದ 100 ಡಾಲರ್ ಶುಲ್ಕವನ್ನು ಮನೆಯ ಒಂದು ಬೆಳೆಯ ಹಣದಲ್ಲಿ ಕಟ್ಟಿದ್ದೇವೆ, ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾವಿಲ್ಲ. ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬಯಸುವ ಆಟಗಳ ಪಟ್ಟಿಗೆ) ಸೇರಿಸಿಕೊಂಡವರ ಸಂಖ್ಯೆ ಇನ್ನೂ ಮುನ್ನೂರನ್ನು ದಾಟಿಲ್ಲ. ಅಂಕಿಅಂಶದ ಪುಟ ನೋಡಿದರೆ ನಮ್ಮ ಚಿತ್ರ ಸಾಕಷ್ಟು ಜನರ ಕಣ್ಣಿಗೆ ಬಿದ್ದಿದೆ, ಆದರೆ ಅದನ್ನು ಒತ್ತಿ ಒಳಗೆ ಬಂದವರು ತೀರ ಕಡಿಮೆ, ಬಂದವರಲ್ಲಿಯೂ ಹೆಚ್ಚಿನವರು ಏನೂ ಮಾಡದೆ ಹೊರಟುಹೋಗಿದ್ದಾರೆ.

ಈಗಿನ ಚಿತ್ರದಲ್ಲಿ ಬೆಳದಿಂಗಳ ರಾತ್ರಿ ಇದೆ, ಹಿಂದೆ ನಂದಿ ಬೆಟ್ಟ ಇದೆ, ಮುಂದೆ ದೀಪ ಹಿಡಿದು ನಿಂತ ಹುಡುಗಿಯ ಬೆನ್ನು ಕಾಣುತ್ತದೆ, ಮೇಲೆ ತೆಳುವಾದ ಅಕ್ಷರಗಳಲ್ಲಿ ಆಟದ ಹೆಸರಿದೆ. ಹುಳುವನ್ನು ನಾವು ಬೇಕೆಂದೇ ತೋರಿಸಿಲ್ಲ, ಏಕೆಂದರೆ ಹುಳು ಎಂದರೆ ಅಸಹ್ಯಪಡುವವರು ಬಹಳ ಮಂದಿ ಇದ್ದಾರೆ ಎಂಬ ಭಯ ನಮಗಿತ್ತು. ಚಿಕ್ಕ ವಿವರಣೆ ಹೀಗಿದೆ: “ನಂದಿ ಬೆಟ್ಟಗಳ ತಪ್ಪಲಿನ ಮಾಂತ್ರಿಕ ಲೋಕಕ್ಕೆ ಸ್ವಾಗತ. ಸಂಪ್ರದಾಯ, ಕುಟುಂಬ ಮತ್ತು ಭರವಸೆಗಳ ಮರೆಯಲಾಗದ ಪಯಣದಲ್ಲಿ ನಿಮ್ಮದೇ ಕಥೆಯನ್ನು ಹೆಣೆಯಿರಿ.” ಪುಟದಲ್ಲಿ ಅದು ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಕಳೆದ ವಾರ ಬೆಂಗಳೂರಿನ ಗೆಳೆಯನೊಬ್ಬನಿಗೆ ಚಿತ್ರವನ್ನಷ್ಟೇ ಕಳಿಸಿ ಇದು ಎಂಥ ಆಟವಿರಬಹುದು ಎಂದು ಕೇಳಿದೆ. ದೆವ್ವದ ಕಥೆಯೋ ಪ್ರೇಮಕಥೆಯೋ ಇರಬೇಕು ಎಂದ. ಅಂದಿನಿಂದ ನಿದ್ದೆಗೆಟ್ಟಿದ್ದೇನೆ. ಚಿತ್ರ ಬದಲಿಸಬೇಕೇ, ವಿವರಣೆ ಬದಲಿಸಬೇಕೇ, ಇಲ್ಲವೇ ಹೆಸರನ್ನೇ ಬದಲಿಸಬೇಕೇ? ಸಮಯ ಉಳಿಸಲು ಎಐಯಿಂದ ಚಿತ್ರ ಮಾಡಿಸಿ ಎಂದೂ ಕೆಲವರು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ತುಮಕೂರಿನಿಂದ, ಗೇಮ್‌ಗಳಿಗೆ ಚಿತ್ರ ಮಾಡುವವನು

ನಿಮ್ಮ ಗೆಳೆಯರು ಹೇಳಿದ್ದರಲ್ಲಿಯೇ ಉತ್ತರವಿದೆ. ಚಿತ್ರ ಚೆನ್ನಾಗಿಲ್ಲವೆಂದು ಅವರು ಹೇಳಲಿಲ್ಲ, ಅದರಿಂದ ಬೇರೊಂದು ಆಟವನ್ನು ಊಹಿಸಿದರು. ಪ್ರೇಮಕಥೆ ಬೇಕಿದ್ದವರು ನಿಮ್ಮ ಪುಟಕ್ಕೆ ಬಂದು ಹುಳು ಮನೆ ಕಂಡು ಹಿಂದಿರುಗುತ್ತಿದ್ದಾರೆ. ಹುಳು ಮನೆ ನಡೆಸಲು ಇಷ್ಟಪಡುವವರು ಬೆಳದಿಂಗಳು ಕಂಡು ಒಳಗೆ ಬರುತ್ತಲೇ ಇಲ್ಲ. ಕಣ್ಣಿಗೆ ಬಿದ್ದವರು ಹೆಚ್ಚಿದ್ದು ಒಳಗೆ ಬಂದವರು ಕಡಿಮೆಯಿದ್ದರೆ ದೋಷ ಸಾಮಾನ್ಯವಾಗಿ ಕ್ಯಾಪ್ಸೂಲ್‌ನಲ್ಲಿ, ಅಂದರೆ ಅಂಗಡಿಯಲ್ಲಿ ಆಟವನ್ನು ತೋರಿಸುವ ಮುಖಚಿತ್ರದಲ್ಲಿರುತ್ತದೆ. ಒಳಗೆ ಬಂದವರು ಸಾಕಷ್ಟಿದ್ದು ವಿಶ್‌ಲಿಸ್ಟ್‌ಗೆ ಸೇರಿಸಿಕೊಂಡವರು ಕಡಿಮೆಯಿದ್ದರೆ ದೋಷ ಟ್ರೇಲರ್, ಸ್ಕ್ರೀನ್‌ಶಾಟ್ ಮತ್ತು ವಿವರಣೆಯಲ್ಲಿರುತ್ತದೆ. ನಿಮ್ಮಲ್ಲಿ ಎರಡೂ ಆಗುತ್ತಿರುವುದರಿಂದ ಮೂಲದಲ್ಲಿಯೇ ಏನೋ ತಪ್ಪಿದೆ. ಆಟದಲ್ಲಿ ಕೈ ಮಾಡುವ ಕೆಲಸ ಪುಟದಲ್ಲಿ ಎಲ್ಲಿಯೂ ಕಾಣುತ್ತಿಲ್ಲ ಎಂಬುದೇ ಆ ತಪ್ಪು.

ಮೊದಲು ಅಳತೆಯ ಮಾತು. ಸ್ಟೀಮ್ ಕೇಳುವ ಮುಖ್ಯ ಕ್ಯಾಪ್ಸೂಲ್ 1232 × 706 ಪಿಕ್ಸೆಲ್, ಪುಟದ ತಲೆಯ ಚಿತ್ರ 920 × 430, ಉದ್ದುದ್ದ ಚಿತ್ರ 748 × 896, ಚಿಕ್ಕ ಕ್ಯಾಪ್ಸೂಲ್ 462 × 174. ಚಿತ್ರಕಾರರು ಸಾಮಾನ್ಯವಾಗಿ ದೊಡ್ಡದನ್ನು ಪ್ರೀತಿಯಿಂದ ಬರೆದು, ಉಳಿದವನ್ನು ಅದರಿಂದ ಕತ್ತರಿಸಿ ಕೊಡುತ್ತಾರೆ. ನಾನೂ ಬಹಳ ದಿನ ಹಾಗೆಯೇ ಮಾಡುತ್ತಿದ್ದೆ. ಆದರೆ ಆ ಚಿಕ್ಕ ಕ್ಯಾಪ್ಸೂಲನ್ನು ಅಂಗಡಿಯೇ ಇನ್ನೂ ಕುಗ್ಗಿಸಿ 184 × 69 ಮತ್ತು 120 × 45 ಪಿಕ್ಸೆಲ್‌ಗಳಿಗೆ ಇಳಿಸುತ್ತದೆ. ಹುಡುಕಾಟದ ಪಟ್ಟಿಗಳಲ್ಲಿ ಜನ ನಿಮ್ಮ ಆಟವನ್ನು ಮೊದಲು ನೋಡುವುದು ಹೀಗೆ ಕುಗ್ಗಿದ ರೂಪದಲ್ಲಿ. ನಿಮ್ಮ ಈಗಿನ ಚಿತ್ರವನ್ನು 120 × 45ಕ್ಕೆ ಇಳಿಸಿ ನೋಡಿದೆ. ಬೆಟ್ಟ ಕಪ್ಪು ಕಲೆಯಾಯಿತು, ಹುಡುಗಿ ಒಂದು ಗೀರಾದಳು, ಹೆಸರು ಮಾಯವಾಯಿತು, ಚಂದ್ರ ಮಾತ್ರ ಬಿಳಿ ಚುಕ್ಕೆಯಾಗಿ ಉಳಿದ.

ನಮ್ಮೂರಿನ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳ ಬೋರ್ಡುಗಳನ್ನು ಗಮನಿಸಿ. ಹೋಗುವ ಊರಿನ ಹೆಸರು ದೂರದಿಂದಲೇ ಓದುವಷ್ಟು ದಪ್ಪವಾಗಿರುತ್ತದೆ, ಯಾವ ಯಾವ ಊರಿನ ಮೇಲೆ ಹೋಗುತ್ತದೆ ಎಂಬುದು ಕೆಳಗೆ ಸಣ್ಣದಾಗಿರುತ್ತದೆ. ಮಧುಗಿರಿಗೆ ಹೋಗಬೇಕಾದ ಮುದುಕಿ ದೊಡ್ಡ ಅಕ್ಷರ ಕಂಡು ಎದ್ದು ಬರುತ್ತಾಳೆ, ಹತ್ತಿರ ಬಂದ ಮೇಲೆ ಕೊರಟಗೆರೆಯಲ್ಲಿ ನಿಲ್ಲಿಸುತ್ತೀರಾ ಎಂದು ಕೇಳುತ್ತಾಳೆ. ಚಿಕ್ಕ ಕ್ಯಾಪ್ಸೂಲಿಗೆ ಆ ದೊಡ್ಡ ಅಕ್ಷರದ ಕೆಲಸವಷ್ಟೇ ಸಾಕು. ಅಲ್ಲಿ ಆಟದ ಹೆಸರು ಚೌಕಟ್ಟನ್ನು ಹೆಚ್ಚುಕಡಿಮೆ ತುಂಬಿರಬೇಕು, ಹಿಂದೆ ಒಂದೇ ಒಂದು ಆಕಾರ ಇರಬೇಕು. ಬೆಟ್ಟ, ಹುಡುಗಿ, ದೀಪ ಎಲ್ಲವೂ ದೊಡ್ಡ ಚಿತ್ರಗಳಿಗೆ ಇರಲಿ.

ನಿಮ್ಮ ಆಟದ ಆ ಒಂದು ಆಕಾರ ಯಾವುದು ಎಂದು ಯೋಚಿಸಿದಾಗ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು, ಏಕೆಂದರೆ ಅದು ನಿಮ್ಮ ಮನೆಯಲ್ಲಿಯೇ ಇದೆ. ಚಂದ್ರಿಕೆಯ ಸುರುಳಿಗಿಂತ ಗುರುತು ಹಿಡಿಯಲು ಸುಲಭವಾದ ಆಕಾರ ಬೇರೆ ಬೇಕೇ? ಎಷ್ಟು ಕುಗ್ಗಿಸಿದರೂ ಸುರುಳಿ ಸುರುಳಿಯಾಗಿಯೇ ಉಳಿಯುತ್ತದೆ. ಅದರ ನಡುವೆ ಹಳದಿ ಗೂಡುಗಳಿವೆ. ನಿಮ್ಮ ಕಡೆಯ ಮಿಶ್ರತಳಿ ಗೂಡಿನ ಆ ಹಸಿರು ಬೆರೆತ ಹಳದಿ ಬಣ್ಣ ಗಾಢ ಕಂದು ಹಿನ್ನೆಲೆಯ ಮೇಲೆ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಅಂಗಡಿಯ ಒಂದು ಪುಟವನ್ನು ತೆರೆದು ನೋಡಿ, ನೀಲಿ ರಾತ್ರಿಯ ಚಿತ್ರಗಳು ಎಷ್ಟೋ ಇರುತ್ತವೆ. ಅವುಗಳ ನಡುವೆ ನಿಮ್ಮ ನೀಲಿ ಬೆಳದಿಂಗಳು ಕರಗಿಹೋಗುತ್ತದೆ, ಈ ಹಳದಿ ಕರಗುವುದಿಲ್ಲ. ಚಿತ್ರ ಮುಗಿದ ಮೇಲೆ ಅದನ್ನೊಂದನ್ನೇ ನೋಡಿ ತೀರ್ಮಾನಿಸಬೇಡಿ. ನಿಮ್ಮದೇ ಬಗೆಯ ಇಪ್ಪತ್ತು ಆಟಗಳ ಕ್ಯಾಪ್ಸೂಲ್‌ಗಳ ಪರದೆಚಿತ್ರ ತೆಗೆದು, ನಡುವೆ ನಿಮ್ಮದನ್ನು ಅಂಟಿಸಿ, ಫೋನಿನಲ್ಲಿ ಕೈಯಳತೆ ದೂರ ಹಿಡಿದು ನೋಡಿ. ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿಯೂ ಒಮ್ಮೆ ನೋಡಿ. ಬಣ್ಣವಿಲ್ಲದೆಯೂ ಹೆಸರು ಹಿನ್ನೆಲೆಯಿಂದ ಬೇರೆಯಾಗಿ ನಿಂತರೆ ಬೆಳಕಿನ ಲೆಕ್ಕಾಚಾರ ಸರಿಯಿದೆ ಎಂದರ್ಥ.

ಇನ್ನು ಹುಳುವಿನ ವಿಷಯ. ಅಸಹ್ಯಪಡುವವರು ಇದ್ದೇ ಇರುತ್ತಾರೆ, ಆದರೆ ಅವರಿಂದ ಹುಳುವನ್ನು ಬಚ್ಚಿಟ್ಟು ನೀವು ಗಳಿಸುವುದೇನು? ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಯಾವ ಕಾರಣಕ್ಕಾದರೂ ಹಣ ವಾಪಸ್ ಕೇಳಬಹುದು. ಹುಳು ಕಂಡು ಬೆಚ್ಚುವವರು ಮೊದಲ ಹತ್ತು ನಿಮಿಷದಲ್ಲಿಯೇ ವಾಪಸ್ ಕೇಳುತ್ತಾರೆ, ಮೋಸಹೋದೆ ಎಂಬ ವಿಮರ್ಶೆಯನ್ನೂ ಬರೆದುಹೋಗಬಹುದು. ಹುಳುವನ್ನು ಮುಖದಲ್ಲಿಯೇ ತೋರಿಸಿದರೆ ಅವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ, ನಿಮ್ಮ ಆಟವನ್ನು ಮೆಚ್ಚಬಲ್ಲವರು ನಿಲ್ಲುತ್ತಾರೆ. ಯಾವ ಹುಳುವನ್ನು ತೋರಿಸುತ್ತೀರಿ ಎಂಬುದು ಮಾತ್ರ ಮುಖ್ಯ. ತಟ್ಟೆಯ ತುಂಬ ಮೇಯುತ್ತಿರುವ ನೂರಾರು ಹುಳುಗಳ ಚಿತ್ರ ಬೇಡ. ಹಣ್ಣಾದ ಒಂದೇ ಹುಳುವನ್ನು ತೆಗೆದುಕೊಳ್ಳಿ. ಆ ಹಂತದಲ್ಲಿ ಮೈ ಬೆಳಕಿಗೆ ಹಿಡಿದ ಜೇನಿನಂತೆ ಪಾರದರ್ಶಕವಾಗುತ್ತದೆ, ತಲೆಯೆತ್ತಿ ಎಳೆ ಬಿಡಲು ಜಾಗ ಹುಡುಕುತ್ತದೆ. ಎರಡು ಬೆರಳುಗಳು ಅದನ್ನು ಸುರುಳಿಯ ಸಂದಿಗೆ ಬಿಡುತ್ತಿರಲಿ. ಆಟಗಾರ ಮಾಡುವ ಕೆಲಸವೇ ಅಲ್ಲಿಗೆ ಚಿತ್ರವಾಯಿತು.

ಎಐ ವಿಷಯವಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. 2024ರ ಜನವರಿಯಿಂದ ಸ್ಟೀಮ್ ಎಐ ಬಳಕೆಯನ್ನು ಘೋಷಿಸಬೇಕೆಂದು ಕೇಳುತ್ತದೆ, ಆ ಘೋಷಣೆ ನಿಮ್ಮ ಪುಟದಲ್ಲಿಯೇ ಕಾಣುತ್ತದೆ. ಅದಕ್ಕಿಂತ ದೊಡ್ಡ ಕಾರಣವೂ ಒಂದಿದೆ. ಚಂದ್ರಿಕೆಯ ಪಟ್ಟಿ ಹೇಗೆ ಕಟ್ಟಿರುತ್ತದೆ, ಹಣ್ಣಾದ ಹುಳು ಹೇಗೆ ತಲೆಯಾಡಿಸುತ್ತದೆ ಎಂಬುದನ್ನು ನಿಮ್ಮ ಅತ್ತೆಯ ಮಗಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಆ ಕಣ್ಣು ನಿಮ್ಮ ಮನೆಯಲ್ಲಿರುವಾಗ ಎರವಲು ಚಿತ್ರವೇಕೆ?

ಕೊನೆಯದಾಗಿ ಒಂದು ಎಚ್ಚರಿಕೆ. 2022ರ ಸೆಪ್ಟೆಂಬರ್‌ನಿಂದ ಸ್ಟೀಮ್‌ನ ಕ್ಯಾಪ್ಸೂಲ್‌ಗಳಲ್ಲಿ ಆಟದ ಚಿತ್ರ, ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆಯನ್ನು ಬಿಟ್ಟು ಬೇರೆ ಬರಹ ಇರುವಂತಿಲ್ಲ. ಪ್ರಶಸ್ತಿಯ ಹೆಸರು, ವಿಮರ್ಶೆಯ ಅಂಕ, ರಿಯಾಯಿತಿಯ ಮಾತು ಯಾವುದೂ ಸಲ್ಲದು. ‘ಅಧಿಕೃತ ಉಪಶೀರ್ಷಿಕೆ’ ಎಂಬಲ್ಲಿ ನಿಮಗೊಂದು ದಾರಿ ಇದೆ. ‘ಚಂದ್ರಿಕೆ’ ಬಹಳ ಒಳ್ಳೆಯ ಹೆಸರು, ದಯವಿಟ್ಟು ಬಿಡಬೇಡಿ. ಆದರೆ ರೇಷ್ಮೆ ಗೊತ್ತಿಲ್ಲದ ಕನ್ನಡಿಗರಿಗೆ ಅದು ಬೆಳದಿಂಗಳು, ಹೊರಗಿನವರಿಗೆ ಬರೀ ಒಂದು ಶಬ್ದ. ‘ಚಂದ್ರಿಕೆ: ರೇಷ್ಮೆ ಬೆಳೆ’ ಎಂದು ಅಧಿಕೃತವಾಗಿಯೇ ನೋಂದಾಯಿಸಿದರೆ ಹೆಸರೂ ಉಳಿಯುತ್ತದೆ, ಅರ್ಥವೂ ತಿಳಿಯುತ್ತದೆ.

ಉತ್ತರ 2: ಕೋಲಾರದಿಂದ

ಮೇಲಿನವರು ಚಿತ್ರದ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದಿಲ್ಲ. ನಾನು ಪದಬಂಧದಂತಹ ಎರಡು ಮೊಬೈಲ್ ಗೇಮ್‌ಗಳನ್ನು ಹೊರತಂದವನು, ವಿವರಣೆ ಬರೆಯುವುದರಲ್ಲಿ ಸಾಕಷ್ಟು ಪಾಡುಪಟ್ಟಿದ್ದೇನೆ. ಆದ್ದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಚಿಕ್ಕ ವಿವರಣೆಯನ್ನು ನಾಲ್ಕು ಸಲ ಓದಿದೆ. ಅದರಲ್ಲಿ ರೇಷ್ಮೆ ಇಲ್ಲ, ಹುಳು ಇಲ್ಲ, ಸೊಪ್ಪಿಲ್ಲ, ಹರಾಜಿಲ್ಲ. ಆ ಎರಡು ವಾಕ್ಯಗಳನ್ನು ಹಾಗೆಯೇ ಎತ್ತಿ ‘ನಂದಿ’ ತೆಗೆದು ‘ಬಾಬಾಬುಡನ್’ ಹಾಕಿದರೆ ಕಾಫಿ ತೋಟದ ಆಟಕ್ಕೂ ಸರಿಹೊಂದುತ್ತವೆ. ವಿವರಣೆಯನ್ನು ಪರೀಕ್ಷಿಸಲು ನನಗೆ ತಿಳಿದ ಅತ್ಯುತ್ತಮ ವಿಧಾನವೇ ಇದು: ಬೇರೊಂದು ಆಟಕ್ಕೆ ಅಂಟಿಸಿ ನೋಡಿ, ಅಂಟಿಕೊಂಡರೆ ಅಳಿಸಿ. ‘ಮಾಂತ್ರಿಕ’, ‘ಮರೆಯಲಾಗದ’, ‘ಪಯಣ’ ಎಂಬ ಪದಗಳು ಎಲ್ಲೆಡೆಯೂ ಅಂಟುತ್ತವೆ. ‘ಊಜಿ ನೊಣ’ ಬೇರೆಲ್ಲಿಯೂ ಅಂಟುವುದಿಲ್ಲ.

ಸ್ಟೀಮ್‌ನ ಚಿಕ್ಕ ವಿವರಣೆಗೆ ಸುಮಾರು 300 ಅಕ್ಷರಗಳ ಮಿತಿಯಿದೆ. ತಲೆಯ ಚಿತ್ರದ ಕೆಳಗೇ ಅದು ಕಾಣುವುದರಿಂದ ಪುಟಕ್ಕೆ ಬಂದವರು ಮೊದಲು ಓದುವ ಬರಹ ಅದೇ. ಅದರಲ್ಲಿ ಮೂರು ಸಂಗತಿ ಸಿಗಬೇಕು: ನಾನು ಯಾರು, ನನ್ನ ಕೈ ಏನು ಮಾಡುತ್ತದೆ, ಕಷ್ಟ ಎಲ್ಲಿ ಬರುತ್ತದೆ. ನಿಮ್ಮ ಪ್ರಶ್ನೆಯಲ್ಲಿಯೇ ಇವೆಲ್ಲವೂ ಇವೆ. “ಚಾಕಿ ಹುಳು ತಂದು…” ಎಂದು ಆರಂಭಿಸಿ ಹರಾಜಿನವರೆಗೆ ನೀವು ಬರೆದ ವಾಕ್ಯ ಪುಟದಲ್ಲಿರುವ ವಿವರಣೆಗಿಂತ ಎಷ್ಟೋ ಪಾಲು ಚೆನ್ನಾಗಿದೆ, ಏಕೆಂದರೆ ಅದನ್ನು ಬರೆಯುವಾಗ ನೀವು ಯಾರಿಗೂ ಏನನ್ನೂ ಮಾರುತ್ತಿರಲಿಲ್ಲ, ನಮಗೆ ತಿಳಿಸಿ ಹೇಳುತ್ತಿದ್ದಿರಿ. ಅದನ್ನೇ ಹಿಡಿದು ಹೀಗೆ ಮಾಡಬಹುದು:

“ಸಾವಿರಾರು ಹಸಿದ ರೇಷ್ಮೆ ಹುಳುಗಳು, ಒಂದು ಹುಳು ಮನೆ, ಇಪ್ಪತ್ತೈದು ದಿನ. ಸೊಪ್ಪು ಕೊಯ್ದು ಮೇಯಿಸಿ, ನೊಣದಿಂದ ಕಾಪಾಡಿ, ನಾಲ್ಕು ಬಾರಿ ಪೊರೆ ಬಿಡುವವರೆಗೆ ಕಾದು, ಹಣ್ಣಾದ ಹುಳುಗಳನ್ನು ಕೈಯಾರೆ ಆರಿಸಿ ಚಂದ್ರಿಕೆಗೆ ಬಿಡಿ. ಆಮೇಲೆ ಹರಾಜಿನಲ್ಲಿ ನಿಮ್ಮ ಗೂಡಿಗೆ ಬೆಲೆ ಕಟ್ಟುತ್ತಾರೆ.”

‘ಜ್ವರ’ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಹೊಸಬರು ಅದನ್ನು ಕಾಯಿಲೆ ಎಂದುಕೊಳ್ಳುತ್ತಾರೆ. ಉದ್ದ ವಿವರಣೆಯಲ್ಲಿ ಅದು ಬರಲಿ, ಅರ್ಥ ಹೇಳಿಯೇ ಬರಲಿ. ಅಲ್ಲಿ ಇನ್ನೊಂದು ಸಂಗತಿಯೂ ಬರಬೇಕು. ಕೊನೆಯ ಹಂತದಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆ ಬಿದ್ದ ಹಾಗಿರುತ್ತದೆ ಎಂದು ಹುಳು ಸಾಕುವವರೆಲ್ಲ ಹೇಳುತ್ತಾರೆ. ನಿಮ್ಮ ಆಟದಲ್ಲಿ ಆ ಸದ್ದು ಇದ್ದೇ ಇರುತ್ತದೆ ಎಂದು ಭಾವಿಸುತ್ತೇನೆ. ಆದರೆ ಅಂಗಡಿಯಲ್ಲಿ ಟ್ರೇಲರನ್ನು ಸದ್ದಿಲ್ಲದೆ ನೋಡುವವರೂ ಬಹಳ ಮಂದಿ ಇರುವುದರಿಂದ ಅದನ್ನು ಅಕ್ಷರದಲ್ಲಿಯೂ ಹೇಳಬೇಕು. ಅದೇ ಕಾರಣಕ್ಕೆ ಟ್ರೇಲರಿನ ಮೊದಲ ಐದು ಸೆಕೆಂಡುಗಳಲ್ಲಿ ನಿಮ್ಮ ಲಾಂಛನ, ಬೆಟ್ಟದ ಮೇಲೆ ಸೂರ್ಯ ಏಳುವ ದೃಶ್ಯ ಮುಂತಾದವನ್ನು ತೆಗೆದು, ಸೊಪ್ಪು ಹಾಕುವ ಕೈಯಿಂದಲೇ ಆರಂಭಿಸಿ.

ಉದ್ದ ವಿವರಣೆಯನ್ನು ಒಂದೇ ಕಂತೆಯಾಗಿ ಬರೆಯಬೇಡಿ. ಎರಡು ಮೂರು ಸಾಲಿನ ಒಂದು ಪರಿಚ್ಛೇದ, ಅದರ ಕೆಳಗೆ ಆ ಕೆಲಸವನ್ನು ತೋರಿಸುವ ಚಲಿಸುವ ಚಿತ್ರ, ಮತ್ತೊಂದು ಪರಿಚ್ಛೇದ, ಹೀಗೆ ಸಾಗಲಿ. ಸ್ಕ್ರೀನ್‌ಶಾಟ್‌ಗಳು ಕನಿಷ್ಠ 5 ಬೇಕು, ಅವು ಆಡುವಾಗ ಕಾಣುವ ದೃಶ್ಯಗಳೇ ಆಗಿರಬೇಕು. ಕೈಚಿತ್ರಗಳನ್ನಾಗಲಿ ಜಾಹೀರಾತಿನ ಮಾತು ಬರೆದ ಚಿತ್ರಗಳನ್ನಾಗಲಿ ಅಲ್ಲಿ ಹಾಕಬಾರದು. ನಿಮ್ಮ ಮೊದಲ ನಾಲ್ಕರಲ್ಲಿ ಮೂರು ಮನೆಯ ಹೊರಗಿನ ನೋಟಗಳೇ ಆಗಿದ್ದು, ಆಟದ ಗುಂಡಿಗಳು, ಹುಳುವಿನ ಹಸಿವಿನ ಗುರುತು, ದರದ ಪಟ್ಟಿ ಯಾವುದೂ ಕಾಣುವುದಿಲ್ಲ. ಚಿತ್ರ ಚೆಂದ ಕಾಣಲೆಂದು ಅವನ್ನು ಮರೆಮಾಡಿದ್ದೀರಿ. ನಿರ್ವಹಣೆಯ ಆಟಗಳನ್ನು ಇಷ್ಟಪಡುವವರು ಹುಡುಕುವುದು ಆ ಗುಂಡಿಗಳನ್ನೇ, ತೋರಿಸಿ. ಆಟದ ಬಗೆಯನ್ನು ಹೇಳುವ ಟ್ಯಾಗ್‌ಗಳನ್ನು 20ರವರೆಗೆ ಹಾಕಬಹುದು. ಮೊದಲಿನವುಗಳೇ ಹೆಚ್ಚು ಕಾಣುವುದರಿಂದ ‘ಕಥಾಪ್ರಧಾನ’ ಎಂಬುದನ್ನು ಕೆಳಗಿಳಿಸಿ ‘ಕೃಷಿ’, ‘ನಿರ್ವಹಣೆ’, ‘ಸಿಮ್ಯುಲೇಷನ್’ ಎಂಬರ್ಥದವನ್ನು ಮೇಲೆ ತನ್ನಿ.

ಮೊಬೈಲಿಗೂ ತರುವ ಆಲೋಚನೆಯಿದ್ದರೆ ಒಂದು ಮಾತು. ಸ್ಟೀಮ್ ಅಂಗಡಿಯ ಭಾಷೆಗಳಲ್ಲಿ ಕನ್ನಡವಿಲ್ಲ, ಗೂಗಲ್ ಪ್ಲೇಯಲ್ಲಿ ಕನ್ನಡದಲ್ಲಿಯೇ ಪುಟ ಮಾಡಬಹುದು. ಅಲ್ಲಿ ಹೆಸರಿಗೆ 30, ಚಿಕ್ಕ ವಿವರಣೆಗೆ 80, ಉದ್ದ ವಿವರಣೆಗೆ 4000 ಅಕ್ಷರಗಳ ಮಿತಿ. ಎಣಿಕೆ ನಮ್ಮ ಕಣ್ಣಿನ ಲೆಕ್ಕದಂತಿರುವುದಿಲ್ಲ. ‘ಚಂದ್ರಿಕೆ’ ನಮಗೆ ಮೂರು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಣಿಕೆಯಲ್ಲಿ ಅನುಸ್ವಾರ, ಒತ್ತು, ಗುಣಿತದ ಚಿಹ್ನೆಗಳೆಲ್ಲ ಸೇರಿ ಎಂಟು. ನಾನು ಇದನ್ನು ತಿಳಿಯದೆ ಒಂದು ಇಡೀ ಸಂಜೆ ವಾಕ್ಯ ಕತ್ತರಿಸುತ್ತ ಕುಳಿತಿದ್ದೆ. ಎರಡು ಚಿತ್ರಗಳನ್ನು ಬೇರೆ ಬೇರೆ ನೋಡುಗರಿಗೆ ತೋರಿಸಿ ಯಾವುದು ಹೆಚ್ಚು ಜನರನ್ನು ಸೆಳೆಯಿತು ಎಂದು ಹೋಲಿಸುವ ಸೌಲಭ್ಯವೂ ಅಲ್ಲಿದೆ, ನಿಮ್ಮ ಹುಳುವಿನ ಭಯವನ್ನು ಅಲ್ಲಿ ಪರೀಕ್ಷಿಸಿಯೇ ನೋಡಬಹುದು.

ಉತ್ತರ 3: ತಿಪಟೂರಿನಿಂದ, ಡಿಟಿಪಿ ಕೆಲಸದವಳು

ಹೆಸರಿನ ಅಕ್ಷರವಿನ್ಯಾಸದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ, ಫ್ಲೆಕ್ಸ್, ಕರಪತ್ರಗಳಿಗೆ ಅಕ್ಷರ ಜೋಡಿಸುತ್ತಿದ್ದೇನೆ, ಈಚೆಗೆ ಇಬ್ಬರು ಹುಡುಗರ ಗೇಮ್‌ಗೂ ಹೆಸರು ಬರೆದುಕೊಟ್ಟೆ.

‘ದ್ರಿ’ಯ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏಳುತ್ತದೆ. ಆದ್ದರಿಂದ 45 ಪಿಕ್ಸೆಲ್ ಎತ್ತರದ ಚೌಕಟ್ಟಿನಲ್ಲಿ ಹೆಸರನ್ನು ಕೂರಿಸಿದರೆ ಅಕ್ಷರದ ಮೈಗೆ ಅರ್ಧದಷ್ಟು ಎತ್ತರವೂ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಹೇಳಿದ ಅಳತೆಗಳನ್ನು ಕನ್ನಡಕ್ಕೆ ಹಾಗೆಯೇ ಹಾಕಿದರೆ ಹೆಸರು ಸಣ್ಣದಾಗುವುದು ಇದರಿಂದಲೇ. ಒತ್ತನ್ನು ಅಕ್ಷರದ ಮೈಗೆ ಹತ್ತಿರ ತಂದು, ಸ್ವಲ್ಪ ಅಗಲ ಮಾಡಿ, ಗೆರೆಯ ದಪ್ಪವನ್ನು ಉಳಿದದ್ದಕ್ಕೆ ಸಮನಾಗಿ ಇಡಿ. ರೇಷ್ಮೆಯ ಎಳೆಯಂತೆ ಒತ್ತನ್ನು ಉದ್ದಕ್ಕೆ ಎಳೆಯುವ ಆಸೆ ಎಲ್ಲ ಚಿತ್ರಕಾರರಿಗೂ ಬರುತ್ತದೆ. ದೊಡ್ಡ ಚಿತ್ರದಲ್ಲಿ ಎಳೆಯಿರಿ, ಚಿಕ್ಕದರಲ್ಲಿ ಬೇಡ, ಅಲ್ಲಿ ಅದು ಧೂಳಿನಂತೆ ಕಾಣುತ್ತದೆ. ‘ಕೆ’ಯ ಒಳಗಿನ ಬಿಳಿ ಜಾಗ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಯೂನಿಕೋಡ್ ಫಾಂಟನ್ನೇ ಬಳಸಿ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ಅಂಗಡಿಯ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ದಪ್ಪ ಅಕ್ಷರ ಬೇಕಿದ್ದರೆ ಬಲೂ ತಮ್ಮ ಎಂಬ ಫಾಂಟ್, ಅಗಲ ಮತ್ತು ದಪ್ಪ ಎರಡನ್ನೂ ಹೊಂದಿಸಿಕೊಳ್ಳಬೇಕಿದ್ದರೆ ಅನೇಕ್ ಕನ್ನಡ ನೋಡಿ. ಎರಡೂ ಉಚಿತ, ಎರಡನ್ನೂ ವಾಣಿಜ್ಯ ಕೆಲಸಕ್ಕೆ ಬಳಸಬಹುದು. ಅದನ್ನು ಆಧಾರವಾಗಿಟ್ಟುಕೊಂಡು, ಇಂಕ್‌ಸ್ಕೇಪ್‌ನಂತಹ ತಂತ್ರಾಂಶದಲ್ಲಿ ಗೆರೆಗಳಾಗಿ ಪರಿವರ್ತಿಸಿ, ಆಮೇಲೆ ಕೈಯಿಂದ ತಿದ್ದಿ. ಆಟದ ಒಳಗಿನ ಕನ್ನಡವನ್ನೂ ಒಮ್ಮೆ ಪರೀಕ್ಷಿಸಿ. ಗೇಮ್ ಕಟ್ಟುವ ತಂತ್ರಾಂಶ (ಎಂಜಿನ್) ಗೋಡೋ 4ರಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ಕೆಲವು ಎಂಜಿನ್‌ಗಳಲ್ಲಿ ಒತ್ತು ಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಅಂತಹ ಒಂದು ಸ್ಕ್ರೀನ್‌ಶಾಟ್ ಪುಟಕ್ಕೆ ಹೋದರೆ ಕನ್ನಡಿಗರಿಗೆ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ.

ಸ್ಟೀಮ್‌ನ ಚಿಕ್ಕ ಕ್ಯಾಪ್ಸೂಲಿನಲ್ಲಿ ಎರಡೂ ಲಿಪಿಗಳಿಗೆ ಜಾಗವಿಲ್ಲ. ಅಲ್ಲಿ ಇಂಗ್ಲಿಷ್ ಲಿಪಿಯ ಹೆಸರೊಂದೇ ಇರಲಿ. ಮುಖ್ಯ ಚಿತ್ರದಲ್ಲಿಯೂ ಉದ್ದುದ್ದ ಚಿತ್ರದಲ್ಲಿಯೂ ಕನ್ನಡದ ಹೆಸರನ್ನು ಜೊತೆಗೆ ಹಾಕಿ, ನಾಚಿಕೊಂಡು ಮೂಲೆಗೆ ತಳ್ಳಬೇಡಿ. ಆ ಅಕ್ಷರಗಳ ದುಂಡು ಮತ್ತು ಚಂದ್ರಿಕೆಯ ಸುರುಳಿ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು ನೀವೇ ಬರೆದು ನೋಡಿ.

ಪ್ರಶ್ನೆ ಕೇಳಿದವರಿಂದ: ಹತ್ತು ದಿನಗಳ ನಂತರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ಹುಳು ಮನೆಯ ಬಾಗಿಲಿಗೆ ಅಂಟಿಸಿದ್ದೆವು.

ಅತ್ತೆಯ ಮಗಳು ಮೊದಲಿಗೆ ಬೆಳದಿಂಗಳನ್ನು ಬಿಡಲು ಒಪ್ಪಲಿಲ್ಲ. ಮೂರು ವಾರ ಕೂತು ಬರೆದ ಚಿತ್ರ ಅದು, ಅವಳ ನೋವು ನನಗೂ ಅರ್ಥವಾಗುತ್ತದೆ. ಕೊನೆಗೆ ಅದನ್ನು ಪುಟದ ಹಿನ್ನೆಲೆಗೆ ಇಟ್ಟುಕೊಂಡೆವು, ಅಲ್ಲಿ ಅದು ಚೆನ್ನಾಗಿಯೇ ಕಾಣುತ್ತಿದೆ. ಹೊಸ ಚಿತ್ರಕ್ಕಾಗಿ ಅವಳು ನಮ್ಮ ಅಜ್ಜಿಯನ್ನೇ ಕೂರಿಸಿಕೊಂಡಳು. ಅಜ್ಜಿ ಹಣ್ಣಾದ ಹುಳುವನ್ನು ಹಿಡಿಯುವ ರೀತಿ ನಾವು ಆಟದಲ್ಲಿ ಬರೆದಿದ್ದ ರೀತಿಗಿಂತ ಬೇರೆಯೇ ಇತ್ತು. ನಾವು ತೋರುಬೆರಳು ಮತ್ತು ಹೆಬ್ಬೆರಳಿನಿಂದ ಚಿವುಟಿ ಎತ್ತುವಂತೆ ಬರೆದಿದ್ದೆವು. ಅಜ್ಜಿ ಚಿವುಟುವುದೇ ಇಲ್ಲ, ಬೆರಳನ್ನು ಮೈಯ ಕೆಳಗೆ ಜಾರಿಸಿ, ಹುಳು ತಾನೇ ಬೆರಳಿನ ಮೇಲೆ ಬಂದ ಹಾಗೆ ಎತ್ತುತ್ತಾಳೆ. ಚಿತ್ರವನ್ನು ಹಾಗೆಯೇ ಬರೆದಳು, ಆಟದ ಅನಿಮೇಷನ್ ಕೂಡ ಬದಲಾಯಿಸಿದೆವು. ಗಾಢ ಕಂದು ಹಿನ್ನೆಲೆ, ಸುರುಳಿ, ನಾಲ್ಕು ಹಳದಿ ಗೂಡು, ಬೆರಳಿನ ಮೇಲೆ ಹುಳು. ಚಿಕ್ಕ ಕ್ಯಾಪ್ಸೂಲಿನಲ್ಲಿ ಬೆರಳೂ ಇಲ್ಲ, ಸುರುಳಿ ಮತ್ತು ಹೆಸರು ಮಾತ್ರ.

ಅದೇ ಗೆಳೆಯನಿಗೆ ಕಳಿಸಿದೆ. “ರೇಷ್ಮೆ ಸಾಕುವ ಆಟವೇ?” ಎಂದು ಕೇಳಿದ.

ಕೋಲಾರದವರು ಬರೆದುಕೊಟ್ಟ ವಿವರಣೆಯಲ್ಲಿ ಒಂದೇ ಬದಲಾವಣೆ ಮಾಡಿದ್ದೇನೆ. ‘ಆಮೇಲೆ ಹರಾಜಿನಲ್ಲಿ ನಿಮ್ಮ ಗೂಡಿಗೆ ಬೆಲೆ ಕಟ್ಟುತ್ತಾರೆ’ ಎಂಬಲ್ಲಿ ‘ಒಪ್ಪುವುದೋ ಬಿಡುವುದೋ ನಿಮ್ಮ ಕೈಯಲ್ಲಿದೆ’ ಎಂದು ಸೇರಿಸಿದ್ದೇನೆ, ಏಕೆಂದರೆ ಆಟದಲ್ಲಿ ನಾವು ಹೆಚ್ಚು ಶ್ರಮಪಟ್ಟು ಕಟ್ಟಿದ ಭಾಗ ಅದೇ. ಗೂಡಿನಿಂದ ಚಿಟ್ಟೆ ಹೊರಬಂದರೆ ಎಳೆ ತುಂಡಾಗುತ್ತದೆ, ಆದ್ದರಿಂದ ಮಾರದೆ ಬಹಳ ದಿನ ಕಾಯುವಂತಿಲ್ಲ. ಈ ಒತ್ತಡವನ್ನು ಉದ್ದ ವಿವರಣೆಯಲ್ಲಿ ಹೇಳಿದ್ದೇನೆ. ಟ್ಯಾಗ್‌ಗಳನ್ನೂ ಚಿತ್ರವನ್ನೂ ಒಂದೇ ದಿನ ಬದಲಿಸಬಹುದೇ?

ಉತ್ತರ 1ರವರಿಂದ

ಒಂದೇ ದಿನ ಬೇಡ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಚಿತ್ರವನ್ನು ಮೊದಲು ಹಾಕಿ, ಎರಡು ವಾರ ಬಿಟ್ಟು ಕಣ್ಣಿಗೆ ಬಿದ್ದವರಲ್ಲಿ ಒಳಗೆ ಬಂದವರ ಪ್ರಮಾಣವನ್ನು ನಿಮ್ಮದೇ ಹಿಂದಿನ ತಿಂಗಳಿನೊಂದಿಗೆ ಹೋಲಿಸಿ, ಆಮೇಲೆ ಟ್ಯಾಗ್‌ಗಳಿಗೆ ಕೈಹಾಕಿ. ಬೇರೆಯವರ ಅಂಕಿಗಳೊಂದಿಗೆ ಹೋಲಿಸಲು ಹೋಗಬೇಡಿ, ಪ್ರತಿ ಆಟದ ಚಿತ್ರ ಕಾಣಿಸಿಕೊಳ್ಳುವ ಜಾಗಗಳು ಬೇರೆ ಬೇರೆ. ಫೆಬ್ರವರಿ, ಜೂನ್, ಅಕ್ಟೋಬರ್‌ಗಳಲ್ಲಿ ನಡೆಯುವ, ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್ ಎಂಬ ಡೆಮೊಗಳ ಉತ್ಸವಕ್ಕೆ ನಿಮ್ಮ ಆಟದ ಡೆಮೊ ಕೊಡುವ ಆಲೋಚನೆಯಿದ್ದರೆ ಈ ಕೆಲಸಗಳೆಲ್ಲ ಅದಕ್ಕೂ ಮುನ್ನ ಮುಗಿದಿರಲಿ, ಏಕೆಂದರೆ ಒಂದು ಆಟಕ್ಕೆ ಅಲ್ಲಿ ಭಾಗವಹಿಸಲು ಸಿಗುವುದು ಒಂದೇ ಅವಕಾಶ.

ನೀವು ಕಳಿಸಿದ ಹೊಸ ಚಿತ್ರ ನೋಡಿದೆ. ಮುಖ್ಯ ಚಿತ್ರದಲ್ಲಿ ಅಜ್ಜಿಯ ಬೆರಳಿನ ಸುಕ್ಕುಗಳನ್ನು ಎಷ್ಟು ಗಮನಿಸಿ ಬರೆದಿದ್ದಾಳೆಂದರೆ ಒಂದು ಗೆರೆಯನ್ನೂ ಮುಟ್ಟಬೇಡಿ. ಉದ್ದುದ್ದ ಚಿತ್ರದಲ್ಲಿ ಮಾತ್ರ ಹುಳುವಿನ ಎತ್ತಿದ ತಲೆ ಬಲ ಅಂಚಿಗೆ ತಾಗುವಷ್ಟು ಹತ್ತಿರ ಬಂದಿದೆ. ಅದನ್ನು ಒಂದಿಷ್ಟು ಎಡಕ್ಕೆ ಸರಿಸಿ, ತಲೆಯ ಮುಂದೆ ಅದು ಹೋಗಬೇಕಾದ ಸುರುಳಿಯ ಸಂದಿ ಕಾಣುವಂತೆ ಮಾಡಲು ಹೇಳಿ.